ಎಪ್ಪತ್ತೆರಡರಲ್ಲೊಂದು ಪಾಲು: ವಿಮಾನದ ಮಾದರಿ ಕಟ್ಟುವವರ ಪ್ರಶ್ನೆಗಳು

ಯುದ್ಧವಿಮಾನಗಳ ಅಳತೆಬದ್ಧ ಮಾದರಿಗಳ ಬಗ್ಗೆ ಬಂದ ಪತ್ರಗಳಲ್ಲಿ ಏಳನ್ನು ಇಲ್ಲಿ ಆಯ್ದುಕೊಂಡಿದ್ದೇನೆ. ಬಹುಪಾಲು ಪತ್ರಗಳು ನಮ್ಮ ಕರಾವಳಿಯಿಂದಲೇ ಬಂದಿರುವುದರಿಂದ, ಉಡುಪಿಯ ಮನೆಯ ಮೇಜಿನ ಮೇಲೆ ಇಷ್ಟು ವರ್ಷ ಈ ಕೆಲಸ ಮಾಡಿ ಕಂಡುಕೊಂಡದ್ದನ್ನು ನೇರವಾಗಿ ಹೇಳಲು ಅನುಕೂಲವಾಗಿದೆ.

ಪ್ರಶ್ನೆ: ನನ್ನ ಅಣ್ಣ ವಾಯುಪಡೆಯಲ್ಲಿ ಮಿಗ್-21 ವಿಮಾನಗಳ ದುರಸ್ತಿಯ ಕೆಲಸದಲ್ಲಿದ್ದರು. ಅವರ ನೆನಪಿಗಾಗಿ, ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ 1/72 ಪ್ರಮಾಣದ ಪ್ಲಾಸ್ಟಿಕ್ ಕಿಟ್ ತರಿಸಿದ್ದೇನೆ. ಆದರೆ ವಿಮಾನದ ಉದ್ದವನ್ನು ಒಂದು ಪುಸ್ತಕ ಒಂದು ರೀತಿ, ಇನ್ನೊಂದು ಪುಸ್ತಕ ಇನ್ನೊಂದು ರೀತಿ ಹೇಳುತ್ತದೆ. ಕಿಟ್‌ನ ಅಳತೆ ಸರಿಯಿದೆಯೇ ಎಂದು ತಿಳಿಯುವುದು ಹೇಗೆ? (ನಿವೃತ್ತ ಬ್ಯಾಂಕ್ ಉದ್ಯೋಗಿ, ಸುರತ್ಕಲ್)

ಉತ್ತರ: ತಮ್ಮ ಎರಡೂ ಪುಸ್ತಕಗಳು ಸರಿಯಾಗಿರುವ ಸಾಧ್ಯತೆಯೇ ಹೆಚ್ಚು. ಮಿಗ್-21ರ ಮೂಗಿನ ಮುಂದೆ, ಗಾಳಿಯ ವೇಗವನ್ನು ಅಳೆಯುವ ಪಿಟೋ ಕೊಳವೆಯು ಉದ್ದನೆಯ ಕೋಲಿನಂತೆ ಚಾಚಿಕೊಂಡಿರುತ್ತದೆ. ಅದನ್ನು ಸೇರಿಸಿ ಅಳೆದವರು ಒಂದು ಅಂಕಿಯನ್ನೂ ಬಿಟ್ಟು ಅಳೆದವರು ಇನ್ನೊಂದನ್ನೂ ಕೊಡುತ್ತಾರೆ. ಹೇಗೆ ಅಳೆದೆವೆಂದು ಹೇಳುವ ಸೌಜನ್ಯವನ್ನು ಮಾತ್ರ ಹೆಚ್ಚಿನವರು ತೋರುವುದಿಲ್ಲ. ಆದುದರಿಂದ ಉದ್ದವನ್ನು ಸದ್ಯಕ್ಕೆ ಬದಿಗಿಟ್ಟು ರೆಕ್ಕೆಯ ಹರವಿನಿಂದ ಆರಂಭಿಸಿ. ಈ ವಿಮಾನದ ಹರವು 7.154 ಮೀಟರ್, ಅದನ್ನು 72ರಿಂದ ಭಾಗಿಸಿದರೆ 99.4 ಮಿಲಿಮೀಟರ್ ಬರುತ್ತದೆ. ಕಿಟ್‌ನ ಒಡಲಿಗೆ ರೆಕ್ಕೆಗಳನ್ನು ಅಂಟಿಸದೆ ಟೇಪಿನಿಂದ ಹಿಡಿಸಿ, ವರ್ನಿಯರ್ ಕ್ಯಾಲಿಪರ್‌ನಿಂದ ತುದಿಯಿಂದ ತುದಿಗೆ ಅಳೆದು ನೋಡಿ. ಅರ್ಧ ಮಿಲಿಮೀಟರ್ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಆದರೆ ಅಳತೆಗಿಂತ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಬೇರೆಯೇ ಇದೆ: ತಮ್ಮ ಅಣ್ಣನವರು ದುಡಿದದ್ದು ಯಾವ ಮಿಗ್-21ರ ಮೇಲೆ? ಈ ವಿಮಾನ 1963ರಲ್ಲಿ ಚಂಡೀಗಢದ 28ನೇ ಸ್ಕ್ವಾಡ್ರನ್‌ಗೆ ಬಂದು, 2025ರ ಸೆಪ್ಟೆಂಬರ್ 26ರಂದು ಅದೇ ಚಂಡೀಗಢದಲ್ಲಿ ಸೇವೆಯಿಂದ ನಿವೃತ್ತಿ ಹೊಂದಿತು. ಅಷ್ಟು ವರ್ಷಗಳ ಅವಧಿಯಲ್ಲಿ ಒಂದೇ ಹೆಸರಿನಡಿ ಹಾರಿದ ವಿಮಾನಗಳು ಒಂದೇ ಮನೆತನದ ಅಣ್ಣತಮ್ಮಂದಿರೇ ಹೊರತು ಅವಳಿಜವಳಿಗಳಲ್ಲ. ಎಫ್‌ಎಲ್ ಎಂಬ ಹಳೆಯ ಬಗೆಯಲ್ಲಿ ಚಾಲಕನ ಮೇಲಿನ ಗಾಜಿನ ಮುಚ್ಚಳವು ಮುಂದಿನ ಗಾಜಿನ ಸಮೇತ ಮುಂದಕ್ಕೆ ತೆರೆದುಕೊಳ್ಳುತ್ತದೆ. ಬಿಸ್ ಎಂಬ ಆಮೇಲಿನ ಬಗೆಯಲ್ಲಿ ಮುಂದಿನ ಗಾಜು ಕದಲದೆ ಮುಚ್ಚಳವಷ್ಟೇ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಎಫ್‌ಎಲ್‌ನ ರೆಕ್ಕೆಗಳ ಕೆಳಗೆ ಆಯುಧ ತೂಗುಹಾಕುವ ಪೈಲಾನ್‌ಗಳು ಎರಡು, ಬಿಸ್‌ನಲ್ಲಿ ನಾಲ್ಕು. ಎಫ್‌ಎಲ್‌ನ ಒಡಲೊಳಗೆ ಫಿರಂಗಿ ಇರಲಿಲ್ಲ, ಹೊಟ್ಟೆಯಡಿ ಪ್ರತ್ಯೇಕ ಗೂಡಿನಲ್ಲಿ ಕಟ್ಟಬೇಕಾಗಿತ್ತು. ಬಿಸ್‌ನಲ್ಲಿ ಅದು ಒಡಲೊಳಗೇ ಇದೆ. ಅಣ್ಣನವರ ಹಳೆಯ ಫೋಟೋ ಒಂದಾದರೂ ಮನೆಯಲ್ಲಿದ್ದರೆ, ಅವರ ಹಿಂದೆ ಕಾಣುವ ಮುಚ್ಚಳ ಯಾವ ಕಡೆಗೆ ತೆರೆದಿದೆಯೆಂದು ನೋಡಿ. ಎಫ್‌ಎಲ್ ವಿಮಾನವನ್ನು ಬಿಸ್‌ನ ಕಿಟ್‌ನಿಂದ ಕಟ್ಟಲು ಹೊರಟರೆ, ಹರವು ಕೂದಲೆಳೆಯಷ್ಟೂ ತಪ್ಪದಿದ್ದರೂ ಅದು ಅಣ್ಣನವರ ವಿಮಾನವಾಗುವುದಿಲ್ಲ.

ಇನ್ನೊಂದು ವಿಷಯವನ್ನು ಬಹುತೇಕರು ಮರೆಯುತ್ತಾರೆ. ಮಿಗ್-21ರ ರೆಕ್ಕೆಗಳು ಚಪ್ಪಟೆಯಾಗಿ ಹರಡಿಲ್ಲ, ತುದಿಯ ಕಡೆಗೆ ಎರಡು ಡಿಗ್ರಿಯಷ್ಟು ಕೆಳಕ್ಕೆ ಬಾಗಿವೆ. ಈ ಪ್ರಮಾಣದಲ್ಲಿ ಅದು ತುದಿಯಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ಇಳಿಕೆ, ಅಷ್ಟೇ. ಆದರೂ ಅದನ್ನು ತಪ್ಪಿಸಿದ ಮಾದರಿಯನ್ನು ಮುಂದಿನಿಂದ ನೋಡಿದಾಗ ಏನೋ ಸರಿಯಿಲ್ಲವೆಂದು ಕಣ್ಣು ತಕ್ಷಣ ಹೇಳುತ್ತದೆ. ನಾನು ಹಳೆಯ ಮದುವೆ ಆಮಂತ್ರಣದ ದಪ್ಪ ಕಾಗದದಲ್ಲಿ ಈ ಕೋನವನ್ನು ಕತ್ತರಿಸಿ, ಅಂಟು ಆರುವವರೆಗೆ ಎರಡೂ ರೆಕ್ಕೆಗಳ ಕೆಳಗೆ ಆನಿಸಿಡುತ್ತೇನೆ.

ಪ್ರಶ್ನೆ: ಕಿಟ್‌ನ ಮೈಮೇಲಿನ ತಗಡಿನ ಜೋಡಣೆಯ ಗೆರೆಗಳನ್ನು ಸೂಜಿಯಿಂದ ಇನ್ನೂ ಆಳವಾಗಿ ಕೊರೆದು ಕಪ್ಪು ಬಣ್ಣ ತುಂಬಿದರೆ ನೈಜವಾಗಿ ಕಾಣುತ್ತದೆಯೆಂದು ಗೆಳೆಯರು ಹೇಳುತ್ತಾರೆ. ಇದು ಸರಿಯೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಮಣಿಪಾಲ)

ಉತ್ತರ: ನೀವು ಎಂಜಿನಿಯರಿಂಗ್ ಓದುತ್ತಿರುವುದರಿಂದ ಲೆಕ್ಕವನ್ನೇ ಮುಂದಿಡುತ್ತೇನೆ. ಕಿಟ್‌ನ ಗೆರೆ 0.2 ಮಿಲಿಮೀಟರ್ ಅಗಲವಿದೆಯೆಂದುಕೊಳ್ಳಿ. ಅದನ್ನು 72ರಿಂದ ಗುಣಿಸಿದರೆ 14.4 ಮಿಲಿಮೀಟರ್, ಅಂದರೆ ನಿಜವಾದ ವಿಮಾನದಲ್ಲಿ ಕಿರುಬೆರಳು ತೂರುವಷ್ಟು ಸಂದು! ಶಬ್ದದ ವೇಗವನ್ನು ಮೀರುವ ವಿಮಾನದ ಮೈಯಲ್ಲಿ ಅಂತಹ ಸಂದನ್ನು ಯಾವ ಕಾರ್ಖಾನೆಯೂ ಬಿಡುವುದಿಲ್ಲ. ಆದುದರಿಂದ ಗೆರೆ ಕೊರೆಯುವುದು ನೈಜತೆಯಲ್ಲ, ಚಿತ್ರಕಾರನ ಸಂಕೇತ. ಸಂಕೇತವೆಂದು ಒಪ್ಪಿಕೊಂಡು ಮಿತವಾಗಿ ಬಳಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಕಪ್ಪಿನ ಬದಲು ಆಯಾ ಬಣ್ಣದ್ದೇ ಒಂದು ಛಾಯೆ ಗಾಢವಾದುದನ್ನು ತುಂಬಿ. ನಿಜವಾಗಿ ಚಲಿಸುವ ಭಾಗಗಳ ಅಂಚು, ಅಂದರೆ ಫ್ಲ್ಯಾಪ್, ಏಲರಾನ್, ರಡ್ಡರ್ ಇವುಗಳ ಸುತ್ತ ಸ್ವಲ್ಪ ಕಡು ಇರಲಿ, ಉಳಿದ ಕಡೆ ಗೆರೆ ಇದ್ದೂ ಇಲ್ಲದಂತಿರಲಿ.

ಇದೇ ಗುಣಾಕಾರವನ್ನು ರೆಕ್ಕೆಯ ಹಿಂಬದಿಯ ಅಂಚಿಗೂ ಮಾಡಿ. ಕಿಟ್‌ನಲ್ಲಿ ಅದು ಅರ್ಧ ಮಿಲಿಮೀಟರ್ ದಪ್ಪವಿದ್ದರೆ ನಿಜದಲ್ಲಿ 36 ಮಿಲಿಮೀಟರ್ ಆಗುತ್ತದೆ. ರೆಕ್ಕೆಯ ಎರಡು ಪದರಗಳನ್ನು ಅಂಟಿಸುವ ಮೊದಲೇ ಒಳಮೈಯನ್ನು ಸ್ಯಾಂಡ್ ಪೇಪರಿನ ಮೇಲೆ ಉಜ್ಜಿ ಅಂಚನ್ನು ತೆಳುಗೊಳಿಸಿದರೆ, ಗೆರೆ ಕೊರೆಯಲು ವ್ಯಯಿಸುವ ಒಂದು ವಾರಕ್ಕಿಂತ ಈ ಅರ್ಧ ಗಂಟೆ ಹೆಚ್ಚು ಫಲ ಕೊಡುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಬಳಿದ ಬಣ್ಣದ ಮೇಲೆ ಬಿಳಿ ಮಂಜು ಕವಿದಂತಾಯಿತು. ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಚಿತ್ರಗಳ, ಅಂದರೆ ಡಿಕಾಲ್‌ಗಳ, ಅಡಿಯಲ್ಲೂ ಬೆಳ್ಳಿಯಂತಹ ಹೊಳಪು ಕಾಣುತ್ತಿದೆ. ಬಣ್ಣ ಕೆಟ್ಟದ್ದೇ? (ಓದುಗರು, ಕುಂದಾಪುರ)

ಉತ್ತರ: ಬಣ್ಣದ ತಪ್ಪಲ್ಲ, ನಮ್ಮ ಊರಿನ ಗಾಳಿಯದು. ಲ್ಯಾಕರ್ ಜಾತಿಯ ಬಣ್ಣದ ದ್ರಾವಕ ಬಹಳ ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಬಳಿದ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ, ತಣ್ಣಗಾದ ಮೇಲ್ಮೈಯ ಮೇಲೆ ಗಾಳಿಯಲ್ಲಿರುವ ತೇವ ಹನಿಗಟ್ಟಿ ಇನ್ನೂ ಆರದ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಒಂದು ಜುಲೈನಲ್ಲಿ, ಮಳೆ ಸ್ವಲ್ಪ ಹೊಳವಾಯಿತೆಂದು ಆತುರಪಟ್ಟು ನಾನು ಬಳಿದ ಒಂದು ಮಾದರಿ ಹತ್ತೇ ನಿಮಿಷದಲ್ಲಿ ನೀರುದೋಸೆಯ ಬಣ್ಣಕ್ಕೆ ತಿರುಗಿತ್ತು. ಸಿಟ್ಟಿನಲ್ಲಿ ಉಜ್ಜಿ ತೆಗೆಯದೆ, ಒಣ ಹವೆಯ ದಿನಕ್ಕಾಗಿ ಕಾದು, ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಅತಿ ತೆಳುವಾಗಿ ಸಿಂಪಡಿಸಿದಾಗ ಬಣ್ಣ ಮತ್ತೆ ಮೃದುವಾಗಿ, ಸಿಕ್ಕಿಕೊಂಡ ತೇವ ಹೊರಹೋಗಿ, ಮಂಜು ಬಹುಮಟ್ಟಿಗೆ ಕರಗಿತು. ನೀವೂ ಹಾಗೆಯೇ ಮಾಡಿ ನೋಡಬಹುದು. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಬಳಸುವುದಾದರೆ ಕಂಪ್ರೆಸರ್‌ನ ಕೊಳವೆಗೆ ನೀರು ಹಿಡಿಯುವ ಬಟ್ಟಲು ಅವಶ್ಯ. ನಮ್ಮ ಕಡೆ ಆಷಾಢದಲ್ಲಿ ಅದು ಕಾಣಕಾಣುತ್ತಿದ್ದಂತೆ ತುಂಬುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸುವ, ಅಂಟಿಸುವ, ಉಜ್ಜುವ ಕೆಲಸಗಳನ್ನು ಮುಗಿಸಿಟ್ಟು, ಬಣ್ಣವನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳುವುದು ನನ್ನ ಪದ್ಧತಿ.

ಡಿಕಾಲ್‌ನ ಹೊಳಪಿಗೆ ಕಾರಣ ಬೇರೆ. ಹೊಳಪಿಲ್ಲದ ಬಣ್ಣದ ಮೇಲ್ಮೈ ಸೂಕ್ಷ್ಮವಾಗಿ ತರಿತರಿಯಾಗಿರುತ್ತದೆ. ಡಿಕಾಲ್‌ನ ತೆಳುಪೊರೆ ಆ ತರಿಗಳ ತುದಿಯ ಮೇಲೆ ಮಾತ್ರ ಕುಳಿತು, ಅಡಿಯಲ್ಲಿ ಗಾಳಿ ಉಳಿಯುತ್ತದೆ. ಮೊದಲು ಹೊಳಪಿನ ವಾರ್ನಿಷ್ ಹಚ್ಚಿ ಒಣಗಿಸಿ, ಆಮೇಲೆ ಡಿಕಾಲ್ ಇಡಿ, ಕೊನೆಗೆ ಹೊಳಪಿಲ್ಲದ ವಾರ್ನಿಷ್ ಹಚ್ಚಿ. ಬಳಸದ ಡಿಕಾಲ್ ಹಾಳೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಬೇಕು. ಹಪ್ಪಳ ಮೆತ್ತಗಾಗದ ಡಬ್ಬಿ ಯಾವುದೆಂದು ಮನೆಯಲ್ಲಿ ಕೇಳಿ, ಅದೇ ಸಾಕು.

ಗಾಜಿನ ಮುಚ್ಚಳದ ಬಗ್ಗೆ ನೀವು ಕೇಳಿಲ್ಲವಾದರೂ ಹೇಳಿಬಿಡುತ್ತೇನೆ: ಅದನ್ನು ಸೂಪರ್ ಗ್ಲೂನಿಂದ ಅಂಟಿಸಬೇಡಿ. ಆ ಅಂಟಿನ ಆವಿ ಮುಚ್ಚಿದ ಜಾಗದಲ್ಲಿ ತೇವದೊಡನೆ ಸೇರಿ ಗಾಜಿನ ಒಳಮೈಗೆ ಬೆಳ್ಳಗೆ ಕವಿಯುತ್ತದೆ. ಮರಗೆಲಸದ ಬಿಳಿ ಅಂಟು ಒಣಗಿದಾಗ ಪಾರದರ್ಶಕವಾಗುತ್ತದೆ, ಅದೇ ಒಳ್ಳೆಯದು.

ಪ್ರಶ್ನೆ: ನಮ್ಮ ಬೆಂಗಳೂರಿನಲ್ಲೇ ತಯಾರಾದ ಮಾರುತ್ ವಿಮಾನದ ಕಿಟ್ ನನಗೆ ಎಲ್ಲೂ ಸಿಕ್ಕಿಲ್ಲ. ಮರದಲ್ಲಿ ಕೆತ್ತಿದರೆ ನಿಖರತೆ ಬರುತ್ತದೆಯೇ? (ಪ್ರೌಢಶಾಲಾ ಶಿಕ್ಷಕರು, ಕಾರ್ಕಳ)

ಉತ್ತರ: ಖಂಡಿತ ಬರುತ್ತದೆ, ಮತ್ತು ಈ ವಿಮಾನಕ್ಕೆ ಮರ ಬಹಳ ಒಪ್ಪುತ್ತದೆ. ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಎಚ್‌ಎಎಲ್ ಈ ವಿಮಾನವನ್ನು ರೂಪಿಸುತ್ತಿದ್ದಾಗ, ಎಂಜಿನ್‌ಸಹಿತ ಮೊದಲ ಹಾರಾಟಕ್ಕೆ (1961ರ ಜೂನ್ 17) ಎರಡು ವರ್ಷ ಮೊದಲೇ, ಪೂರ್ಣಗಾತ್ರದ ಮರದ ಗ್ಲೈಡರ್ ಒಂದನ್ನು ಕಟ್ಟಿ, ಡಕೋಟ ಎಂಬ ಸಾಗಣೆ ವಿಮಾನದಿಂದ ಎಳೆಸಿ ಹಾರಿಸಿ ಪರೀಕ್ಷಿಸಿದ್ದರು. ಮಾದರಿಗಳ ಚರಿತ್ರೆಯಲ್ಲೂ ಮರಕ್ಕೆ ಹಿರಿಯ ಸ್ಥಾನವಿದೆ. 1942ರಲ್ಲಿ ಅಮೆರಿಕದ ನೌಕಾಪಡೆಯು ಶತ್ರು ಮಿತ್ರ ವಿಮಾನಗಳನ್ನು ಗುರುತಿಸುವ ತರಬೇತಿಗಾಗಿ 1/72 ಪ್ರಮಾಣದ 5 ಲಕ್ಷ ಮಾದರಿಗಳನ್ನು ಕೇಳಿದ್ದು ಶಾಲಾ ವಿದ್ಯಾರ್ಥಿಗಳನ್ನೇ. ಅವರು ಅವನ್ನು ಮರದಲ್ಲಿ ಕೆತ್ತಿ ಕಪ್ಪು ಬಳಿದು ಕೊಟ್ಟರು. ಆ ಪ್ರಮಾಣದ ಮಾದರಿಯನ್ನು ಹತ್ತು ಮೀಟರ್ ದೂರದಿಂದ ನೋಡಿದರೆ, ನಿಜವಾದ ವಿಮಾನವನ್ನು 720 ಮೀಟರ್ ದೂರದಿಂದ ನೋಡಿದಷ್ಟೇ ಗಾತ್ರ ಕಾಣುತ್ತದೆ. ತಮ್ಮ ಶಾಲೆಯ ಮಕ್ಕಳಿಗೆ ಇದು ಅನುಪಾತದ ಒಳ್ಳೆಯ ಪಾಠವೂ ಆದೀತು.

ಮಾರುತ್‌ನ ಹರವು 9 ಮೀಟರ್, ಉದ್ದ 15.87 ಮೀಟರ್, ಮಾದರಿಯಲ್ಲಿ ಅವು ಕ್ರಮವಾಗಿ 125 ಮತ್ತು 220 ಮಿಲಿಮೀಟರ್. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರ ನಯವಾದ ನಾರಿನದು, ಸಣ್ಣ ಕೆತ್ತನೆಗೆ ತಕ್ಕದ್ದು. ನಾರು ಮೂಗಿನಿಂದ ಬಾಲಕ್ಕೆ ಹರಿಯುವಂತೆ ತುಂಡನ್ನು ಆರಿಸಿ, ಮೊದಲು ಪಕ್ಕನೋಟವನ್ನೂ ಆಮೇಲೆ ಮೇಲ್ನೋಟವನ್ನೂ ಗರಗಸದಿಂದ ಕತ್ತರಿಸಿ. ಕಷ್ಟ ಶುರುವಾಗುವುದು ಅಲ್ಲಿಂದ ಮುಂದೆ. ಮಾರುತ್‌ನ ಒಡಲು ಕೊಳವೆಯಂತೆ ನೇರವಾಗಿಲ್ಲ. ರೆಕ್ಕೆ ಸೇರುವಲ್ಲಿ ಸೊಂಟದಂತೆ ಒಳಸರಿದಿದೆ. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ತಡೆ ಕಡಿಮೆಯಾಗಲೆಂದು ಮಾಡಿದ ಏರ್ಪಾಡು ಅದು. ಆ ಸೊಂಟ ತಪ್ಪಿದರೆ ವಿಮಾನದ ಚೆಲುವೆಲ್ಲ ಹೋದಂತೆ. ಆರೇಳು ಜಾಗಗಳ ಅಡ್ಡಕೊಯ್ತದ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡು, ಕೆತ್ತುತ್ತ ಕೆತ್ತುತ್ತ ಒಡಲಿಗೆ ಹಿಡಿದು ನೋಡುತ್ತಿರಬೇಕು. ಬೆಂಗಳೂರಿಗೆ ಹೋದಾಗ ಎಚ್‌ಎಎಲ್‌ನ ವಸ್ತುಸಂಗ್ರಹಾಲಯದಲ್ಲಿರುವ ಮಾರುತ್‌ನ ಸುತ್ತ ಒಮ್ಮೆ ನಡೆದು ಬನ್ನಿ. ಫೋಟೋ ತೆಗೆಯುವಾಗ ಹತ್ತಿರ ನಿಲ್ಲದೆ ಆದಷ್ಟು ದೂರ ಸರಿದು ಜೂಮ್ ಮಾಡಿ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮೂಗು ಉಬ್ಬಿ ಬಾಲ ಕುಗ್ಗುವುದರಿಂದ ಅದನ್ನು ನಂಬಿ ಅಳತೆ ಮಾಡುವಂತಿಲ್ಲ.

ಪ್ರಶ್ನೆ: ಒಂಬತ್ತು ವರ್ಷದ ಮಗ ವಿಮಾನದ ಕಿಟ್ ಬೇಕೆಂದು ಹಟ ಹಿಡಿದಿದ್ದಾನೆ. ಕೊಡಿಸಬಹುದೇ? (ತಾಯಿ, ಮಂಗಳೂರು)

ಉತ್ತರ: ಕೊಡಿಸಿ, ಆದರೆ ಅಂಟಿಲ್ಲದೆ ಒತ್ತಿ ಸೇರಿಸುವ ಕಿಟ್ ಇರಲಿ. ಪ್ಲಾಸ್ಟಿಕ್ ಅಂಟು ಮತ್ತು ಥಿನ್ನರಿನ ಆವಿ ಎಳೆಯರಿಗೆ ಒಳ್ಳೆಯದಲ್ಲ. ದೊಡ್ಡವರೂ ಕಿಟಕಿ ತೆರೆದೇ ಬಳಸಬೇಕು. ಬ್ಲೇಡು ತಮ್ಮ ಕೈಯಲ್ಲಿರಲಿ.

ಪ್ರಶ್ನೆ: ತುಳುನಾಡಿನವನಾದ ನನಗೆ ವಾಯುಪಡೆಯ 'ಪರಶುರಾಮ' ಎಂಬ ಡಕೋಟ ವಿಮಾನದ ಮಾದರಿ ಮಾಡುವ ಆಸೆ. 1947ರಲ್ಲಿ ಶ್ರೀನಗರಕ್ಕೆ ಸೈನಿಕರನ್ನು ಒಯ್ದದ್ದು ಇದೇ ಅಲ್ಲವೇ? (ಓದುಗರು, ಕಾಪು)

ಉತ್ತರ: ಇಲ್ಲಿ ಸ್ವಲ್ಪ ನಿಧಾನಿಸಬೇಕು. 1947ರ ಅಕ್ಟೋಬರ್ 27ರಂದು ಶ್ರೀನಗರದಲ್ಲಿ ಇಳಿದ ಡಕೋಟದ ಸಂಖ್ಯೆ ವಿಪಿ 905. 2018ರಲ್ಲಿ ವಾಯುಪಡೆಗೆ ಕೊಡುಗೆಯಾಗಿ ಬಂದ 'ಪರಶುರಾಮ', ಬ್ರಿಟನ್ನಿನಲ್ಲಿ ದುರಸ್ತಿಗೊಂಡ ಬೇರೊಂದು ಡಕೋಟ. ಹಳೆಯದರ ಗೌರವಾರ್ಥ ಅದೇ ಸಂಖ್ಯೆಯನ್ನು ಹೊತ್ತಿದೆ. ಆದುದರಿಂದ ತಾವು 'ಪರಶುರಾಮ'ನನ್ನು ಮಾಡುವುದಾದರೆ ಇಂದಿನ ಫೋಟೋಗಳನ್ನು ಅನುಸರಿಸಿ, 1947ರ ವಿಪಿ 905 ಮಾಡುವುದಾದರೆ ಆ ಕಾಲದ ಫೋಟೋಗಳನ್ನು ಮಾತ್ರ ಅನುಸರಿಸಿ, ಎರಡನ್ನೂ ಕಲಸಬೇಡಿ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಇರುವ ಈಗಿನ ವೃತ್ತಚಿಹ್ನೆ ಬಳಕೆಗೆ ಬಂದದ್ದು 1950ರಲ್ಲಿ. 1947ರ ಮಾದರಿಯ ಮೇಲೆ ಅದನ್ನು ಅಂಟಿಸಿದರೆ ಉಳಿದ ಶ್ರಮವೆಲ್ಲ ವ್ಯರ್ಥ. ಡಕೋಟದ ಹರವು ಸುಮಾರು 29 ಮೀಟರ್ ಆಗಿರುವುದರಿಂದ 1/72ರಲ್ಲಿ 40 ಸೆಂಟಿಮೀಟರ್ ಜಾಗ ಬೇಕು. ಕಪಾಟನ್ನು ಮೊದಲು ಅಳೆದುಕೊಳ್ಳಿ.

ಪ್ರಶ್ನೆ: ಕಾರವಾರದ ಕಡಲತೀರದಲ್ಲಿ ಇಟ್ಟಿರುವ ನೌಕಾಪಡೆಯ ಟುಪೊಲೆವ್-142 ವಿಮಾನ ನೋಡಿ ಬಂದೆ. ಅದನ್ನು ಮಾಡುವುದಕ್ಕೆ ಯಾವ ಪ್ರಮಾಣ ಸೂಕ್ತ? (ಓದುಗರು, ಬೈಂದೂರು)

ಉತ್ತರ: ಅದರ ಹರವು ಸುಮಾರು 50 ಮೀಟರ್. 1/72ರಲ್ಲಿ ಮಾಡಿದರೆ ಸುಮಾರು 70 ಸೆಂಟಿಮೀಟರಿನ ಮಾದರಿಯಾಗಿ ಊಟದ ಮೇಜನ್ನೇ ಆಕ್ರಮಿಸುತ್ತದೆ; 1/144ರಲ್ಲಿ ಅದರ ಅರ್ಧ. ನಾನಾಗಿದ್ದರೆ ಚಿಕ್ಕದನ್ನೇ ಆರಿಸುತ್ತಿದ್ದೆ. ತಮಗೆ ಹತ್ತಿರದಲ್ಲೇ ನಿಜವಾದ ವಿಮಾನವಿರುವುದು ದೊಡ್ಡ ಭಾಗ್ಯ, ಆದರೆ ಪ್ರದರ್ಶನಕ್ಕಿಟ್ಟ ವಿಮಾನಗಳಿಗೆ ಹೊಸದಾಗಿ ಬಣ್ಣ ಬಳಿಯುವುದು ಸಾಮಾನ್ಯವಾದುದರಿಂದ, ಆಕಾರವನ್ನು ಅಲ್ಲಿಂದ ತೆಗೆದುಕೊಂಡು ಬಣ್ಣವನ್ನು ಸೇವೆಯಲ್ಲಿದ್ದಾಗಿನ ಫೋಟೋಗಳಿಂದ ತೆಗೆದುಕೊಳ್ಳಿ. ಮುಖ್ಯವಾಗಿ ಪ್ರೊಪೆಲರ್‌ಗಳ ಮೇಲೆ ಕಣ್ಣಿಡಿ. ಈ ವಿಮಾನದ ನಾಲ್ಕು ಎಂಜಿನ್‌ಗಳಲ್ಲಿ ಪ್ರತಿಯೊಂದಕ್ಕೂ ಒಂದರ ಹಿಂದೊಂದು ಎರಡು ಪ್ರೊಪೆಲರ್‌ಗಳಿದ್ದು, ಅವು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ತಲಾ ನಾಲ್ಕು ಅಲಗು, ಒಟ್ಟು 32. ಮುಂದಿನ ಅಲಗಿನ ತಿರುಚು ಒಂದು ಕಡೆಗಿದ್ದರೆ ಹಿಂದಿನದು ಇನ್ನೊಂದು ಕಡೆಗಿರುತ್ತದೆ. ಕಿಟ್‌ನ ಚೌಕಟ್ಟಿನಿಂದ ಎಲ್ಲವನ್ನೂ ಒಮ್ಮೆಲೇ ಕತ್ತರಿಸಿ ಒಂದೇ ತಟ್ಟೆಯಲ್ಲಿ ಹಾಕಿದಿರೋ, ಬೇರ್ಪಡಿಸುವಷ್ಟರಲ್ಲಿ ಭಾನುವಾರ ಮುಗಿಯುತ್ತದೆ. ಮುಂದಿನವನ್ನೂ ಹಿಂದಿನವನ್ನೂ ಬೇರೆ ಬೇರೆ ಬಟ್ಟಲಿಗೆ ಹಾಕಿ, ಒಂದು ಎಂಜಿನ್ ಮುಗಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿ.