ಮೀಟಿಂಗ್ ಉದ್ದವಾಯಿತೆಂಬ ದೂರು

ಪತ್ರ: “ನಮ್ಮ ತಂಡದಲ್ಲಿ ಜೀವಶಾಸ್ತ್ರ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರದವರೆಲ್ಲ ಇದ್ದೇವೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಸಿ ಹೇಳುವುದರಲ್ಲೇ ಮೀಟಿಂಗ್ ಮುಗಿಯುತ್ತದೆ. ಮಾದರಿಗಳನ್ನು ಹೇಗೆ ಆರಿಸಿದಿರಿ ಎಂದು ಸಂಖ್ಯಾಶಾಸ್ತ್ರದವರು ತಲೆ ತಿನ್ನುತ್ತಾರೆ. ಅವರವರ ಕೆಲಸ ಅವರವರು ಮುಗಿಸಿ ಕೊನೆಗೆ ಜೋಡಿಸಿದರೆ ಸಾಲದೇ?” – ಒಬ್ಬ ಸಂಶೋಧಕಿ

ನಿಮ್ಮ ಬೇಸರ ಸುಳ್ಳಲ್ಲ. ಎಲ್ಲರೂ ಮಾತಾಡುತ್ತ ಕೂತರೆ ಪ್ರಯೋಗ ಮಾಡುವವರು ಯಾರು? ಒಪ್ಪಿದೆ. ಆದರೆ ‘ಕೊನೆಗೆ ಜೋಡಿಸಿದರೆ’ ಎಂದಿರಲ್ಲ, ನನ್ನ ತಕರಾರು ಅಲ್ಲೇ.

1953ರ ಆರಂಭದಲ್ಲಿ ಡಿಎನ್‌ಎ ರಚನೆ ಹುಡುಕುತ್ತಿದ್ದ ವಾಟ್ಸನ್ ಕೇಂಬ್ರಿಜ್‌ನಲ್ಲಿ ಕೂತು ಡಿಎನ್‌ಎ ಪ್ರತ್ಯಾಮ್ಲಗಳನ್ನು (ಅಡಿನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕು ಘಟಕಗಳನ್ನು) ಜೋಡಿಯಾಗಿ ಹೊಂದಿಸಲು ಒದ್ದಾಡುತ್ತಿದ್ದರು. ಅವರು ಓದಿದ್ದು ಪ್ರಾಣಿಶಾಸ್ತ್ರ. ಜೊತೆಗಾರ ಕ್ರಿಕ್ ಭೌತಶಾಸ್ತ್ರದಿಂದ ಬಂದವರು. ವಾಟ್ಸನ್ ಗ್ವಾನಿನ್, ಥೈಮಿನ್‌ಗಳ ಚಿತ್ರವನ್ನು ಪಠ್ಯಪುಸ್ತಕದಿಂದ ಎತ್ತಿಕೊಂಡಿದ್ದರು. ಅದೇ ಕೋಣೆಯಲ್ಲಿ ಕೂರುತ್ತಿದ್ದ ರಸಾಯನಶಾಸ್ತ್ರಜ್ಞ ಜೆರ್ರಿ ಡೊನೊಹ್ಯೂ ಅದನ್ನು ನೋಡಿ, ಪುಸ್ತಕವೇ ತಪ್ಪು, ಹೈಡ್ರೋಜನ್ ಇರುವ ಜಾಗ ಅದಲ್ಲ ಎಂದರು. ಪ್ರತ್ಯಾಮ್ಲಗಳ ಆಕಾರದ ರಟ್ಟಿನ ತುಂಡುಗಳನ್ನು ಹೊಸದಾಗಿ ಕತ್ತರಿಸಿ ಸರಿಸಿ ನೋಡಿದರೆ ಅಡಿನಿನ್ ಥೈಮಿನ್‌ಗೆ, ಗ್ವಾನಿನ್ ಸೈಟೊಸಿನ್‌ಗೆ ಹೊಂದಿಕೊಂಡವು! ಡೊನೊಹ್ಯೂ ಬೇರೆ ಕಟ್ಟಡದಲ್ಲಿದ್ದಿದ್ದರೆ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಉತ್ತರ ಪುಸ್ತಕದಲ್ಲೇ ಇದೆಯಲ್ಲ, ಕೇಳುವುದೇನನ್ನು?

ದೂರ ದೂರ ಕೂತರೆ ಏನಾಗುತ್ತದೆ ಎನ್ನುವುದಕ್ಕೂ ಸಾಕ್ಷಿಯಿದೆ. ಕ್ಷುದ್ರಗ್ರಹ ಅಪ್ಪಳಿಸಿ ಡೈನೋಸಾರ್‌ಗಳು ಅಳಿದವೆಂದು 1980ರಲ್ಲಿ ಭೌತವಿಜ್ಞಾನಿ ಲೂಯಿಸ್ ಆಲ್ವರೆಜ್, ಭೂವಿಜ್ಞಾನಿಯಾದ ಅವರ ಮಗ ವಾಲ್ಟರ್ ಮತ್ತು ಇಬ್ಬರು ರಸಾಯನಶಾಸ್ತ್ರಜ್ಞರು ಸೇರಿ ಬರೆದರು. (ಮನೆಯೊಳಗೇ ಎರಡು ವಿಭಾಗ, ಪುಣ್ಯವಂತರು.) ಹಾಗಾದರೆ ಕುಳಿ ಎಲ್ಲಿ? ಮೆಕ್ಸಿಕೊದ ಯುಕಟಾನ್‌ನಲ್ಲಿ ತೈಲ ಹುಡುಕುತ್ತಿದ್ದ ಪೆನ್‌ಫೀಲ್ಡ್ ಮತ್ತು ಕಮಾರ್ಗೊ 1981ರಲ್ಲೇ ತಮ್ಮವರ ಸಮ್ಮೇಳನದಲ್ಲಿ ಅದರ ವಿಷಯ ಹೇಳಿದ್ದರು. ಕುಳಿ ಹುಡುಕುತ್ತಿದ್ದವರ ಕಿವಿಗೆ ಅದು ಬೀಳಲಿಲ್ಲ. ಎರಡೂ ಕಡೆಯವರು ಸೇರಿ ಪ್ರಬಂಧ ಪ್ರಕಟಿಸುವಾಗ 1991 ಆಗಿತ್ತು. ಹತ್ತು ವರ್ಷ! ನೀವು ಗೊಣಗುತ್ತಿರುವುದು ಒಂದು ಮಧ್ಯಾಹ್ನಕ್ಕೆ.

ಆ ಸಂಖ್ಯಾಶಾಸ್ತ್ರದವರನ್ನಂತೂ ಬೈಯಬೇಡಿ. ಪ್ರಯೋಗ ಮುಗಿದ ಮೇಲೆ ನಮ್ಮನ್ನು ಕರೆಯುವುದೆಂದರೆ ಮರಣೋತ್ತರ ಪರೀಕ್ಷೆಗೆ ಕರೆದ ಹಾಗೆ ಎಂಬರ್ಥದ ಮಾತನ್ನು ಸಂಖ್ಯಾಶಾಸ್ತ್ರಜ್ಞ ಫಿಶರ್ 1938ರಲ್ಲೇ ಆಡಿದ್ದಾರೆ.

ಬೈಯಲೇಬೇಕೆಂದರೆ ಬಡ್ತಿ ಸಮಿತಿಗಳಿವೆ. ಪಕ್ಕದ ಮೇಜಿನವರ ತಪ್ಪು ತಿದ್ದಿದ್ದನ್ನು ಆ ಸಮಿತಿಗಳ ನಮೂನೆಯ ಯಾವ ಕಾಲಂನಲ್ಲಿ ಬರೆಯುವುದು? ಡೊನೊಹ್ಯೂಗೆ ಸಿಕ್ಕಿದ್ದೂ ವಾಟ್ಸನ್, ಕ್ರಿಕ್ ಬರೆದ ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲು. ಅನುದಾನ ಕೊಡುವವರಿಗೆ ‘ಅಂತರಶಾಸ್ತ್ರೀಯ’ ಎಂದರೆ ಪ್ರೀತಿ ಉಕ್ಕುತ್ತದೆ. ಆದರೆ ಅರ್ಜಿ ಒಂದೇ ಶಾಸ್ತ್ರದ ಪರಿಶೀಲಕರ ಕೈಗೆ ಹೋಗುತ್ತದೆ, ಅರ್ಧ ಭಾಗ ನಮ್ಮ ವಿಷಯವಲ್ಲ ಎಂದು ಅವರು ವಾಪಸು ಕಳಿಸುತ್ತಾರೆ.

ಮುಂದಿನ ಮೀಟಿಂಗಿಗೆ ಚಂದದ ಸ್ಲೈಡ್ ಬಿಟ್ಟು ಕಚ್ಚಾ ದತ್ತಾಂಶವನ್ನೇ ಒಯ್ಯಿರಿ. ಆಮೇಲೂ ಸಿಟ್ಟು ಇಳಿಯದಿದ್ದರೆ ನನಗೆ ಇನ್ನೊಂದು ಪತ್ರ ಬರೆಯಿರಿ.

– ಸಂ.