ಅಂಗಿತೋಳಿನ ಮಂಗ, ಚೀಲದ ಬೆಕ್ಕು: ಡಚ್ಚರ ಇಂಗ್ಲಿಷ್ ತಿಳಿಯದೆ ಕಂಗಾಲಾದವರಿಗೆ

ನೆದರ್ಲೆಂಡ್ಸಿನ ಐಂಡ್‌ಹೋವನ್‌ಗೆ ಬಂದು ಮೂರು ವಾರವಾಯ್ತು, ಆಫೀಸಿನಲ್ಲಿ ಎಲ್ಲರ ಇಂಗ್ಲಿಷ್ ಸಲೀಸಾಗಿದೆ, ಆದರೂ ಮೀಟಿಂಗ್ ನಡುವೆ 'ಈಗ ಅಂಗಿತೋಳಿನಿಂದ ಮಂಗ ಹೊರಗೆ ಬಂತು' ಅನ್ನೋ ಥರದ ಮಾತು ಬಂದರೆ ತಲೆಬುಡ ಗೊತ್ತಾಗಲ್ಲ, ಇಂಗ್ಲಿಷ್ ನುಡಿಗಟ್ಟುಗಳ ಪುಸ್ತಕ ಯಾವುದು ಕೊಳ್ಳಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಯಾವುದೂ ಬೇಡ. ಆ ಮಂಗ ಅಪ್ಪಟ ಡಚ್ ಮಂಗ. 'ನು ಕೋಮ್ಟ್ ದ ಆಪ್ ಔಟ್ ದ ಮೌ' ಅನ್ನೋದನ್ನ ಪದಕ್ಕೆ ಪದ ಇಂಗ್ಲಿಷಿಗೆ ಇಳಿಸಿದ್ದಾರೆ, ಅಷ್ಟೆ. ಒಳಗೆ ಬಚ್ಚಿಟ್ಟಿದ್ದ ಅಸಲಿ ಉದ್ದೇಶ ಬಯಲಾಯ್ತು ಅಂತ ಅರ್ಥ.

ಇಲ್ಲಿ 1986ರಿಂದ ಪ್ರಾಥಮಿಕ ಶಾಲೆಯಲ್ಲೇ ಇಂಗ್ಲಿಷ್ ಕಡ್ಡಾಯ. ಟಿವಿಯಲ್ಲೂ ದೊಡ್ಡವರ ಇಂಗ್ಲಿಷ್ ಕಾರ್ಯಕ್ರಮಗಳಿಗೆ ಡಬ್ಬಿಂಗ್ ಇರಲ್ಲ, ಕೆಳಗೆ ಡಚ್ ಅಕ್ಷರ ಓಡುತ್ತೆ. ಹಾಗಾಗಿ ಪದ, ಉಚ್ಚಾರ, ವೇಗ ಎಲ್ಲಾ ಚೆನ್ನಾಗಿ ಬರುತ್ತೆ. ನುಡಿಗಟ್ಟು ಮಾತ್ರ ಮನೆಮಾತಿನಿಂದಲೇ ನುಗ್ಗುತ್ತೆ. ನಾವು 'ತಲೆ ತಿನ್ನಬೇಡ'ವನ್ನ ಇಂಗ್ಲಿಷಿನಲ್ಲಿ ಹೇಳಿ ಎದುರಿನವರನ್ನ ಬೆಪ್ಪು ಮಾಡಲ್ವೇ, ಹಾಗೇ.

ಎರಡು ಭಾಷೆ ಅಕ್ಕತಂಗಿಯರಂತೆ ಇರೋದರಿಂದ ಎಷ್ಟೋ ನುಡಿಗಟ್ಟು ಒಂದೇ ಥರ ಇವೆ. ಮಂಜುಗಡ್ಡೆ ಮುರಿಯೋದು, ಹಿಮಬಂಡೆಯ ತುದಿ, ಇವೆಲ್ಲ ಎರಡರಲ್ಲೂ ಉಂಟು, ತಲೆ ಕೆಡಿಸಿಕೊಳ್ಳಬೇಡಿ. ಅರ್ಥ ಒಂದೇ ಇದ್ದು ಪ್ರಾಣಿ ಬೇರೆಯಾದರೂ ಕಷ್ಟವಿಲ್ಲ. ಇಂಗ್ಲಿಷರು ಒಂದು ಕಲ್ಲಿಗೆ ಎರಡು ಹಕ್ಕಿ ಹೊಡೆದರೆ ಡಚ್ಚರು ಒಂದೇ ಏಟಿಗೆ ಎರಡು ನೊಣ ಹೊಡೀತಾರೆ. ಕುದುರೆ ಓಡಿಹೋದ ಮೇಲೆ ಇಂಗ್ಲಿಷರು ಲಾಯದ ಬಾಗಿಲು ಹಾಕಿದರೆ, ಕರು ಮುಳುಗಿದ ಮೇಲೆ ಡಚ್ಚರು ಬಾವಿ ಮುಚ್ಚುತ್ತಾರೆ. ನಾವು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕೋ ಜನ, ಇದು ಹೇಳಿಕೊಡಬೇಕಾಗಿಲ್ಲ. 'ಊಟ ಆದ ಮೇಲೆ ಸಾಸಿವೆ' ಅಂದರೆ ನಮ್ಮ ಊಟಕ್ಕಿಲ್ಲದ ಉಪ್ಪಿನಕಾಯಿಯೇ. ಜೋರುಮಳೆಗೆ ಅವರು ಹೇಳೋದು ತಂಬಾಕು ಸೇದೋ ಪೈಪಿನ ಕಡ್ಡಿಗಳು ಸುರೀತಿವೆ ಅಂತ. ನಮ್ಮ ಮುಸಲಧಾರೆಯ ಒನಕೆಯನ್ನ ನೆನೆಸಿಕೊಳ್ಳಿ, ಚಿತ್ರ ಅದೇ. ಶಾಲೆಯಲ್ಲಿ ಕಂಠಪಾಠ ಮಾಡಿದ ಆ ಬೆಕ್ಕು ನಾಯಿಗಳ ಮಳೆ ಇಲ್ಲಿ ಯಾರ ಬಾಯಲ್ಲೂ ಹೆಚ್ಚು ಬರಲ್ಲ.

ಎಡವೋದು ಎಲ್ಲಿ ಅಂದರೆ, ಚಿತ್ರ ಒಂದೇ ಇದ್ದು ಅರ್ಥ ಬೇರೆಯಾದಾಗ. ಇಂಗ್ಲಿಷಿನಲ್ಲಿ ಚೀಲದಿಂದ ಬೆಕ್ಕು ಹೊರಗೆ ಬಿಟ್ಟರೆ ಗುಟ್ಟು ರಟ್ಟಾಯ್ತು ಅಂತ. ಡಚ್ಚಿನಲ್ಲಿ 'ಚೀಲದಲ್ಲಿ ಬೆಕ್ಕು ಕೊಂಡೆವು' ಅಂದರೆ ನೋಡದೆ ಕೊಂಡು ಮೋಸಹೋದೆವು ಅಂತ, ನೀರಲ್ಲಿರೋ ಎಮ್ಮೆಗೆ ದಡದಲ್ಲಿ ನಿಂತು ವ್ಯಾಪಾರ ಮಾಡಿದ ಹಾಗೆ. ಹೊಸ ಸಾಫ್ಟ್‌ವೇರ್ ಬಗ್ಗೆ ಯಾರಾದರೂ ಚೀಲ, ಬೆಕ್ಕು ಅಂದರೆ ಅದು ಗುಟ್ಟಿನ ಮಾತಲ್ಲ, ಸರಕಿನ ಮೇಲಿನ ದೂರು.

ಮೊಳೆಯದ್ದು ಇನ್ನೂ ಸೂಕ್ಷ್ಮ. ಮೊಳೆಯ ತಲೆಗೆ ಸರಿಯಾಗಿ ಹೊಡೆದೆ ಅಂದರೆ ಎರಡೂ ಭಾಷೆಯಲ್ಲಿ 'ಸರಿಯಾಗಿ ಹೇಳಿದೆ' ಅಂತಲೇ. ಆದರೆ ಡಚ್ಚಿನಲ್ಲಿ 'ತಲೆಯಿರೋ ಮೊಳೆಗಳನ್ನ ಹೊಡೆಯೋದು' ಅಂತ ಇನ್ನೊಂದಿದೆ. ಮಾತು ಸಾಕು, ಗಟ್ಟಿ ತೀರ್ಮಾನ ಆಗಲಿ ಅಂತ ಅದರರ್ಥ. ಮೀಟಿಂಗ್‌ನಲ್ಲಿ ಮೊಳೆಗಳು ಬಹುವಚನದಲ್ಲಿ ಬಂದರೆ ಯಾರು, ಯಾವ ತಾರೀಖಿಗೆ, ಏನು ಮಾಡ್ತಾರೆ ಅಂತ ಹೇಳೋಕೆ ಸಿದ್ಧರಾಗಿ. ಅದಾದ ಮೇಲೆ 'ಗುಂಡು ಚರ್ಚ್ ದಾಟಿತು' ಅಂದರೆ ತೀರ್ಮಾನ ಆಗಿಹೋಯ್ತು. ಆಮೇಲೂ ನೀವು ಹಳೇ ತಕರಾರು ಎತ್ತಿದರೆ, ಹಳ್ಳದಿಂದ ಹಳೇ ಹಸು ಎಳೀಬೇಡಿ ಅಂತಾರೆ.

ಕೆಲಸಕ್ಕೆ ನಿಜವಾಗಿ ಪೆಟ್ಟು ಕೊಡೋದು ಒಂಟಿ ಪದಗಳು. ಡಚ್ಚಿನ 'ಏವೆಂತ್ಯುವೇಲ್' ಅಂದರೆ 'ಬೇಕಾದರೆ, ಆಗಬಹುದು' ಅಂತ. ಅದೇ ಬಾಯಲ್ಲಿ 'ಇವೆಂಚುಯಲಿ ಮಾಡ್ತೀವಿ' ಅಂದಾಗ ನಾವು 'ಕೊನೆಗಾದರೂ ಮಾಡ್ತಾರೆ' ಅಂತ ಕಾದು ಕೂರ್ತೀವಿ, ಅವರು ಒಪ್ಪಿಕೊಂಡೇ ಇರಲ್ಲ. 'ಕಂಟ್ರೋಲ್ ಮಾಡ್ತೀನಿ' ಅಂದರೆ ಪರಿಶೀಲಿಸ್ತೀನಿ ಅಂತ, ಅಧಿಕಾರ ಚಲಾಯಿಸ್ತೀನಿ ಅಂತಲ್ಲ. ಇನ್ನು ಗಡಿಯಾರ: ಡಚ್ಚರ 'ಹಾಫ್ ತ್ರೀ' ಅಂದರೆ ಎರಡೂವರೆ, ಬ್ರಿಟಿಷರ 'ಹಾಫ್ ತ್ರೀ' ಅಂದರೆ ಮೂರೂವರೆ. ಟೀಮಿನಲ್ಲಿ ಇಬ್ಬರೂ ಇದ್ದರೆ ಬಾಯಿಮಾತು ನಂಬಬೇಡಿ, 14:30 ಅಂತ ಬರೆದು ಕಳಿಸಿ.

ನಮ್ಮ ಕಡೆಯ ತಪ್ಪೂ ಇದೆ. 'ಐ ಹ್ಯಾವ್ ಎ ಡೌಟ್' ಅಂದರೆ ನಮಗೆ ಬರೀ ಪ್ರಶ್ನೆ, ಅವರಿಗೆ ನಿಮ್ಮ ಕೆಲಸದ ಮೇಲೆ ನಂಬಿಕೆ ಇಲ್ಲ ಅಂದ ಹಾಗೆ. 'ಕ್ವೆಶ್ಚನ್' ಅನ್ನಿ. 'ಪಾಸ್ಡ್ ಔಟ್ ಇನ್ 2019' ಅಂದರೆ ಆ ವರ್ಷ ಪ್ರಜ್ಞೆ ತಪ್ಪಿತ್ತು ಅಂತ ಕೇಳಿಸುತ್ತೆ. 'ಡೂ ದ ನೀಡ್‌ಫುಲ್' ಅಂದರೆ ಏನು ಮಾಡಬೇಕು ಅಂತ ತಿರುಗಿ ಕೇಳ್ತಾರೆ, ಬೇಕಾದ್ದನ್ನ ನೇರ ಬರೀರಿ.

ಕಲಿಯೋ ಕ್ರಮ ಸರಳ. ವಿಚಿತ್ರ ಮಾತು ಕಿವಿಗೆ ಬಿದ್ದರೆ ಅರ್ಥ ಕೇಳೋ ಮೊದಲು 'ಇದು ಡಚ್ಚಿನಲ್ಲಿ ಹೇಗೆ' ಅಂತ ಕೇಳಿ, ಬರೆಸಿಕೊಳ್ಳಿ. ಬರೀ ಅರ್ಥ ಕೇಳಿದರೆ ಆ ಸಂದರ್ಭಕ್ಕಷ್ಟೇ ಹೊಂದೋ ಉತ್ತರ ಸಿಗುತ್ತೆ, ಮೂಲ ಕೈಗೆ ಬರಲ್ಲ. ಆಮೇಲೆ ಅದರ ಮುಖ್ಯ ನಾಮಪದ ಹಿಡಿದು ವಾನ್ ಡಾಲೆ ನಿಘಂಟಿನಲ್ಲಿ ನೋಡಿ: ಮಂಗನ ಮಾತಿಗೆ 'ಆಪ್', ಸಾಸಿವೆಯ ಮಾತಿಗೆ 'ಮೋಸ್ಟರ್ಡ್'. 1931ರಲ್ಲಿ ಶುರುವಾದ, ಡಚ್ ಭಾಷೆಗಾಗಿಯೇ ಇರೋ ಒನ್ಸೆ ತಾಲ್ ಸಂಸ್ಥೆಯ ಜಾಲತಾಣದಲ್ಲಿ ಹಲವು ನುಡಿಗಟ್ಟುಗಳ ವಿವರಣೆ ಪುಕ್ಕಟೆ ಸಿಗುತ್ತೆ. ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದಿಡಿ: ಅವರು ಆಡಿದ ಇಂಗ್ಲಿಷ್, ಡಚ್ ಮೂಲ, ಕನ್ನಡದ ಗಾದೆ. ವಾರಕ್ಕೆ ಮೂರು ಸಾಕು. ಕನ್ನಡದ ಸಾಲು ಬಿಡಬೇಡಿ, ಬಲವಂತದ ಅನುವಾದವನ್ನೂ ಬರೀಬೇಡಿ. ಸರಿಯಾದ ಗಾದೆ ಹೊಳೆಯೋವರೆಗೆ ಖಾಲಿ ಇರಲಿ, ಹೊಳೆದ ಮೇಲೆ ಅದು ಮರೆಯಲ್ಲ.

ಹೇಳೋಕೆ ಅವಸರ ಬೇಡ. ನುಡಿಗಟ್ಟು ಒಂದಕ್ಷರ ತಪ್ಪಿದರೂ ಕೆಡುತ್ತೆ, ನಮಗೆ 'ಎ', 'ದ' ನುಂಗೋ ಚಾಳಿ ಬೇರೆ. ಮೊದಲ ಆರು ತಿಂಗಳು ಕೇಳಿ ಗುರುತಿಸಿದರೆ ಸಾಕು. ಇನ್ನೊಂದು, ಬಿಲ್ ಹಂಚಿಕೊಳ್ಳೋದಕ್ಕೆ 'ಗೋಯಿಂಗ್ ಡಚ್' ಅನ್ನೋದು ಇಂಗ್ಲಿಷಿನ ಮಾತು. 1652ರಿಂದ 1674ರೊಳಗೆ ಎರಡೂ ದೇಶ ಮೂರು ಯುದ್ಧ ಮಾಡಿವೆ, ಡಚ್ಚರ ಹೆಸರು ಹಿಡಿದು ಅಣಕಿಸೋ ಇಂಗ್ಲಿಷ್ ನುಡಿಗಟ್ಟು ಒಂದೆರಡಲ್ಲ. ಅವರು ಬೇಜಾರೇನೂ ಮಾಡಿಕೊಳ್ಳಲ್ಲ, ಆದರೆ ಆ ಜೋಕನ್ನ ಆಗಲೇ ನೂರು ಸಲ ಕೇಳಿರ್ತಾರೆ. ಊಟ ಮುಗಿದ ಮೇಲೆ ಸುಮ್ಮನೆ 'ಟಿಕ್ಕಿ ಕಳಿಸಿ' ಅನ್ನಿ. 2016ರಲ್ಲಿ ಬಂದ ಪಾವತಿ ಆ್ಯಪ್‌ನ ಹೆಸರು ಅದು, ಈಗ ನಿಮ್ಮ ಪಾಲಿನ ದುಡ್ಡು ಕೇಳೋ ಮೆಸೇಜಿಗೇ ಆ ಹೆಸರು.