ತಿಳಿಸಿದ್ದೇ ಬೇರೆ, ಕಲಿಸಿದ್ದೇ ಬೇರೆ

ಪ್ರಶ್ನೆ: ಮೇಡಂ, ನಾನು ಕನ್ನಡ ಮೇಷ್ಟ್ರು. ಏಳನೇ ತರಗತಿ ಮಕ್ಕಳನ್ನು ಹಲ್ಮಿಡಿಗೆ ಕರೆದುಕೊಂಡು ಹೋಗಿದ್ದೆ. ಬಂದ ಮೇಲೆ ಬರೆಯಲು ಹೇಳಿದರೆ ಹೆಚ್ಚಿನವರು ‘ಪ್ರವಾಸ ಶೈಕ್ಷಣಿಕವಾಗಿತ್ತು’, ‘ಮಾಹಿತಿಪೂರ್ಣವಾಗಿತ್ತು’ ಅಂತಲೇ ಬರೆದಿದ್ದಾರೆ. ನಾನು ಅದನ್ನು ಹೊಡೆದು ‘ಬೋಧಪ್ರದ’ ಅಂತ ತಿದ್ದಿದೆ. ಆಮೇಲೆ ನನಗೇ ಅನುಮಾನ ಬಂತು. ಇವುಗಳಲ್ಲಿ ಯಾವುದು ಸರಿ?
– ಒಬ್ಬ ಓದುಗ, ಬೇಲೂರು

ಉತ್ತರ: ಮೇಷ್ಟ್ರೇ, ಮೂರೂ ಸರಿಯಾದ ಪದಗಳೇ. ಆದರೆ ಮೂರೂ ಒಂದೇ ಅಲ್ಲ.

‘ಶೈಕ್ಷಣಿಕ’ ಅಂದರೆ ಶಿಕ್ಷಣಕ್ಕೆ ಸೇರಿದ್ದು, ಅಷ್ಟೇ. ಶೈಕ್ಷಣಿಕ ವರ್ಷ, ಶೈಕ್ಷಣಿಕ ಸಾಲ ಅನ್ನುತ್ತೇವಲ್ಲ, ಹಾಗೆ. ‘ಶೈಕ್ಷಣಿಕ ಪ್ರವಾಸ’ ಅಂತ ಸುತ್ತೋಲೆಯಲ್ಲಿ ಬರೆಯಬಹುದು. ‘ಪ್ರವಾಸ ಶೈಕ್ಷಣಿಕವಾಗಿತ್ತು’ ಅಂದರೆ ಅಲ್ಲಿ ಮಗು ಏನನ್ನೂ ಹೇಳಿದಂತಾಗಲಿಲ್ಲ. ‘ಮಾಹಿತಿಪೂರ್ಣ’ ಅಂದರೆ ವಿವರ ತುಂಬಿರುವುದು. ಕೈಪಿಡಿಗೆ, ಫಲಕಕ್ಕೆ ಸರಿಹೋಗುತ್ತದೆ. ‘ಬೋಧಪ್ರದ’ದಲ್ಲಿರುವ ‘ಪ್ರದ’ ಅಂದರೆ ಕೊಡುವಂಥದ್ದು, ಫಲಪ್ರದದಲ್ಲಿ ಇರುವ ಹಾಗೆ. ಅರಿವು ಕೊಡುವಂಥದ್ದು ಅಂತ ಅರ್ಥ. ಒಳ್ಳೆಯ ಪದವೇ. ಆದರೆ ಹನ್ನೆರಡು ವರ್ಷದ ಹುಡುಗ ಅಮ್ಮನ ಹತ್ತಿರ ಬಂದು ‘ಬೋಧಪ್ರದವಾಗಿತ್ತು’ ಅನ್ನುತ್ತಾನಾ?

ನೀವು ಹೋದ ಊರನ್ನೇ ತೆಗೆದುಕೊಳ್ಳಿ. ಹಳೆಯ ಕನ್ನಡದ ಹಲ್ಮಿಡಿ ಶಾಸನ ಸಿಕ್ಕಿದ್ದು ಅಲ್ಲೇ. ಮೂಲ ಶಾಸನ ಮೈಸೂರಿನಲ್ಲಿದೆ, ಊರಿನ ಮಂಟಪದಲ್ಲಿರುವುದು ಅದರ ಪ್ರತಿರೂಪ. ಶಾಸನದಲ್ಲಿ 16 ಸಾಲುಗಳಿವೆ, ಕಾಲ ಸುಮಾರು ಕ್ರಿ.ಶ. 450, ಬೆಳಕಿಗೆ ತಂದವರು ಪುರಾತತ್ವ ವಿದ್ವಾಂಸ ಎಂ. ಎಚ್. ಕೃಷ್ಣ. ಇಷ್ಟು ಗೊತ್ತಾದರೆ ಅದು ಮಾಹಿತಿ. ಅದಕ್ಕೆ ‘ತಿಳಿಸಿತು’ ಅನ್ನಿ, ಸಾಕು. ಆದರೆ ಆ ಶಾಸನದಲ್ಲಿ ಊರಿನ ಹೆಸರು ‘ಪಲ್ಮಡಿ’ ಅಂತ ಇದೆ. ಅದನ್ನು ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ‘ಹಲ್ಮಿಡಿ’ ಅಂತ ಬರೆಯಿರಿ. ಕೆಳಗೆ ಪಾಲು–ಹಾಲು, ಪೂ–ಹೂ, ಪಲ್ಲು–ಹಲ್ಲು. ಸುಮ್ನೆ ನಿಂತು ನೋಡಿ. ಯಾರಾದರೂ ಒಬ್ಬಳು ಹುಡುಗಿ ‘ಸಾರ್, ಹಾಗಾದ್ರೆ ಹುಲಿ ಮೊದಲು ಪುಲಿ ಆಗಿತ್ತಾ?’ ಅಂತ ಕೇಳಿಯೇ ಕೇಳುತ್ತಾಳೆ. ಆ ಶಾಸನ ಅವಳಿಗೆ ‘ಕಲಿಸಿತು’. ಯಾರೂ ಹೇಳದ ಇನ್ನೊಂದು ಪದಕ್ಕೆ ಅವಳೇ ದಾರಿ ಹುಡುಕಿಕೊಂಡಳು, ಅಲ್ವಾ?

ಈ ವ್ಯತ್ಯಾಸ ನನಗೆ ಗೊತ್ತಾಗಿದ್ದು ಪುಸ್ತಕದಿಂದಲ್ಲ, ಆಲ್ದೂರಿನ ಹತ್ತಿರ ನಮ್ಮ ಅಜ್ಜಯ್ಯನ ತೋಟದಲ್ಲಿ. ಅರೇಬಿಕಾ ಕಾಫಿ ಗಿಡಕ್ಕೆ ಬೋರರ್, ಅಂದರೆ ಬಿಳಿ ಕಾಂಡಕೊರಕ, ಬೀಳುತ್ತದೆ ಅಂತ ಮನೆಯಲ್ಲಿ ದಿನಾ ಕೇಳಿದ್ದೆ. ಎಲೆ ಹಳದಿಯಾಗಿ ಬಾಡುತ್ತದೆ, ಅಂಥ ಗಿಡ ಕಿತ್ತು ಸುಡಬೇಕು, ಎಲ್ಲ ಬಾಯಿಪಾಠ. ಒಂದು ದಿನ ಅಜ್ಜಯ್ಯ ಹಸಿರಾಗಿಯೇ ಇದ್ದ ಒಂದು ಗಿಡದ ಮುಂದೆ ನಿಲ್ಲಿಸಿದರು. ನನಗೇನೂ ಕಾಣಲಿಲ್ಲ. ‘ಮಗಾ, ಕಣ್ಣಲ್ಲಿ ಹುಡುಕಬೇಡ, ಕೈಯಲ್ಲಿ ಹುಡುಕು’ ಅಂತ ನನ್ನ ಬೆರಳು ಹಿಡಿದು ಕಾಂಡದ ಮೇಲೆ ಮೇಲಿನಿಂದ ಕೆಳಗೆ ಎಳೆದರು. ಒಂದು ಕಡೆ ತೊಗಟೆ ಸಣ್ಣಗೆ ಉಬ್ಬಿ ಏಣು ಕಟ್ಟಿತ್ತು. ಒಳಗೆ ಹುಳು ಕೊರೆದುಕೊಂಡು ಹೋದ ದಾರಿ ಅದು. ಮುಂದಿನ ಸಾಲಿನಲ್ಲಿ ಇನ್ನೊಂದು ಗಿಡ ನಾನೇ ಹಿಡಿದೆ. ಈಗಲೂ ತೋಟದಲ್ಲಿ ನಡೆಯುವಾಗ ಕೈ ತಾನಾಗಿ ಕಾಂಡದ ಮೇಲೆ ಹೋಗುತ್ತದೆ.

‘ತಿಳಿ’ಯೂ ಸಣ್ಣ ಪದವೇನಲ್ಲ. ಮಳೆಗಾಲದಲ್ಲಿ ಹಳ್ಳದ ಕೆಂಪು ನೀರನ್ನು ಕೊಡದಲ್ಲಿ ತುಂಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಮಣ್ಣೆಲ್ಲ ತಳಕ್ಕೆ ಇಳಿದು ಮೇಲೆ ತಿಳಿ ನಿಂತಿರುತ್ತದೆ. ‘ತಿಳಿಯಿತು’ ಅನ್ನುವುದೂ ಅದೇ ಮಾತು. ಕಲಕಿದ್ದು ನಿಂತಿತು, ತಳ ಕಂಡಿತು. ಇಂಥ ಪದ ಮನೆಯಲ್ಲೇ ಇರುವಾಗ ಮಕ್ಕಳು ಎಲ್ಲದಕ್ಕೂ ‘ಮಾಹಿತಿಪೂರ್ಣ’ ಅಂತ ಬರೆಯುವುದು ನೋಡಿದರೆ ನನಗೆ ಬೇಜಾರಾಗುತ್ತದೆ.

ಹಾಗಾಗಿ ಮೇಷ್ಟ್ರೇ, ದಯವಿಟ್ಟು ಪದ ತಿದ್ದಬೇಡಿ. ಪಕ್ಕದಲ್ಲಿ ‘ಏನು ತಿಳಿಯಿತು? ಏನು ಕಲಿತೆ?’ ಅಂತ ಎರಡು ಪ್ರಶ್ನೆ ಬರೆದು ಪುಸ್ತಕ ವಾಪಸ್ ಕೊಡಿ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಡಾಕ್ಟರಮ್ಮ ಒಬ್ಬರು ಬಂದು ರಕ್ತಹೀನತೆ ಬಗ್ಗೆ ಮಾತಾಡುತ್ತಾರೆ. ವಂದನಾರ್ಪಣೆ ನನ್ನದು. ‘ನಿಮ್ಮ ಉಪದೇಶಾತ್ಮಕ ಮಾತುಗಳಿಗೆ ಧನ್ಯವಾದ’ ಅನ್ನಬಹುದಾ?
– ಓದುಗಳು, ಸಕಲೇಶಪುರ

ಉತ್ತರ: ಬೇಡಮ್ಮ. ಉಪದೇಶ ಹಿಂದೆ ತುಂಬ ದೊಡ್ಡ ಪದ, ಗುರು ಕೊಡುತ್ತಿದ್ದದ್ದು. ಈಗ ‘ಉಪದೇಶ ಮಾಡಬೇಡ’ ಅಂತ ಬೈಯುವುದಕ್ಕೇ ಜಾಸ್ತಿ ಬಳಕೆಯಾಗುತ್ತಿದೆ. ಬಂದವರಿಗೆ ನೋವಾಗಬಹುದು. ‘ನೀತಿಬೋಧಕ’ವೂ ಬೇಡ, ಅದು ಕಥೆಗೆ ಹೊಂದುವ ಪದ. ಅವರು ಹೇಳಿದ್ದರಲ್ಲಿ ನಿಮಗೆ ಹೊಸದಾಗಿದ್ದ ಒಂದು ವಿಷಯ ಗುರುತು ಹಾಕಿಕೊಂಡು ಅದನ್ನೇ ಹೇಳಿ. ‘ಊಟ ಆದ ಕೂಡಲೇ ಕಾಫಿ ಕುಡಿದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ ಅಂತ ಇವತ್ತು ತಿಳಿಯಿತು ಡಾಕ್ಟರಮ್ಮ, ನಾಳೆಯಿಂದ ನಮ್ಮ ಮನೆಯಲ್ಲಿ ಕಾಫಿ ಸ್ವಲ್ಪ ತಡವಾಗಿ.’ ಇಷ್ಟು ಹೇಳಿ ಕೈ ಮುಗಿಯಿರಿ.